ಅಚ್ಚಿನ ಮೇಲಿನ ಅಚ್ಚು

1905ರಲ್ಲಿ ಅಮೆರಿಕದ ಪಾಮ್ ಬೀಚ್ ಎಂಬಲ್ಲಿ ನಡೆದ ಮೋಟಾರು ಪಂದ್ಯವೊಂದರಲ್ಲಿ ಫ್ರಾನ್ಸ್ ದೇಶದ ಕಾರೊಂದು ಅಪಘಾತಕ್ಕೀಡಾಗಿ ನುಚ್ಚುನೂರಾಯಿತು. ಪಂದ್ಯ ನೋಡಲು ಬಂದಿದ್ದ ಹೆನ್ರಿ ಫೋರ್ಡ್ ಆ ಅವಶೇಷಗಳ ನಡುವಿನಿಂದ ಎಂಜಿನ್ನಿನ ಕವಾಟಕ್ಕೆ ಸೇರಿದ ಸಣ್ಣದೊಂದು ತುಂಡನ್ನು ಹೆಕ್ಕಿಕೊಂಡನು. ಅದು ಕೈಗೆ ಬಹು ಹಗುರವಾಗಿತ್ತು. ಆದರೂ ಬಹು ಗಟ್ಟಿಯಾಗಿತ್ತು. ಯಾವ ಲೋಹವೆಂದು ಕೇಳಿದರೆ ಅಲ್ಲಿದ್ದವರಾರಿಗೂ ತಿಳಿದಿರಲಿಲ್ಲ. ಆ ತುಂಡನ್ನು ತನ್ನ ಸಹಾಯಕನ ಕೈಗಿತ್ತು, ಅದರ ವಿಷಯವಾಗಿ ತಿಳಿಯಬಹುದಾದುದನ್ನೆಲ್ಲ ತಿಳಿದು ಬರುವಂತೆ ಹೇಳಿದುದಾಗಿ ಫೋರ್ಡ್ 1922ರಲ್ಲಿ ಪ್ರಕಟವಾದ ‘ಮೈ ಲೈಫ್ ಅಂಡ್ ವರ್ಕ್’ ಎಂಬ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಪರೀಕ್ಷೆಯಿಂದ ಅದು ವನೇಡಿಯಂ ಬೆರೆತ ಉಕ್ಕೆಂದು ಗೊತ್ತಾಯಿತು. 1908ರಲ್ಲಿ ಹೊರಬಂದ ‘ಮಾಡೆಲ್ ಟಿ’ ಕಾರಿನಲ್ಲಿ ಹೆಚ್ಚು ಭಾರ ಹೊರುವ ಭಾಗಗಳಿಗೆಲ್ಲ ಫೋರ್ಡ್ ಆ ಉಕ್ಕನ್ನೇ ಬಳಸಿದನು. ಮುಂದಿನ ಅಚ್ಚೂ ಅವುಗಳಲ್ಲೊಂದು.

ಹೆಸರು ತಿಳಿಯದ ಒಂದು ಲೋಹದ ತುಂಡನ್ನು ಕೈಯಲ್ಲಿ ಹಿಡಿದು ‘ಇದೇನು, ಎಲ್ಲಿಯದು’ ಎಂದು ಕೇಳಿದವನ ಹೆಸರಿನ ಕಾರುಗಳ ಮುಂದೆಯೇ ಇಂದು ಅದೇ ಪ್ರಶ್ನೆಯನ್ನು ಹಿಡಿದು ಅನೇಕರು ಮಂಡಿಯೂರಿ ಕುಳಿತಿರುತ್ತಾರೆ. ಅವರು ‘ಹಾಟ್ ರಾಡ್’ ಎಂಬ ಹಳೆಯ ಕಾರುಗಳ ಒಡೆಯರು. ಅವರ ಪ್ರಶ್ನೆ ಬಹುಮಟ್ಟಿಗೆ ಮುಂದಿನ ಅಚ್ಚಿನಿಂದಲೇ ಮೊದಲಾಗುತ್ತದೆ. ಅದಕ್ಕೆ ಸರಿಯಾದ ಉತ್ತರ ದೊರೆಯುವುದೂ ದೊರೆಯದಿರುವುದೂ ಆ ಕಾರಿನಲ್ಲಿ ಕುಳಿತುಕೊಳ್ಳುವವರ ಪ್ರಾಣಕ್ಕೆ ಸಂಬಂಧಿಸಿದ ಸಂಗತಿಯಾಗಿದೆ.

ಹಾಟ್ ರಾಡ್ ಎಂದರೆ ಹಳೆಯ ಸಾಧಾರಣ ಕಾರನ್ನು ವೇಗಕ್ಕಾಗಿ ಮಾರ್ಪಡಿಸಿದ ವಾಹನ. ಅದರ ತವರು ಅಮೆರಿಕದ ಕ್ಯಾಲಿಫೋರ್ನಿಯಾ. ಲಾಸ್ ಏಂಜಲೀಸ್ ನಗರದ ಉತ್ತರದ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಬತ್ತಿದ ಸರೋವರಗಳಿವೆ. ಅವುಗಳ ತಳ ಮೈಲುಗಟ್ಟಲೆ ಸಮತಟ್ಟು. 1930ರ ದಶಕದಲ್ಲಿ ಅಲ್ಲಿಯ ತರುಣರು ಅಗ್ಗಕ್ಕೆ ಸಿಕ್ಕ ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡು, ಬಂಪರುಗಳನ್ನೆಲ್ಲ ಕಳಚಿ ಹಗುರ ಮಾಡಿ, ಎಂಜಿನ್ನನ್ನು ಬಲಪಡಿಸಿ, ಆ ಬಯಲುಗಳಲ್ಲಿ ಓಡಿಸತೊಡಗಿದರು. ಅವರ ಕೂಟಗಳೆಲ್ಲ ಕೂಡಿ 1937ರಲ್ಲಿ ‘ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್’ ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ಮೇಲೆ ಈ ಹವ್ಯಾಸ ದೇಶವ್ಯಾಪಿಯಾಯಿತು. 1948ರಲ್ಲಿ ‘ಹಾಟ್ ರಾಡ್’ ಎಂಬ ಹೆಸರಿನ ಮಾಸಪತ್ರಿಕೆಯೇ ಹುಟ್ಟಿತು.

ಆ ತರುಣರಿಗೆ ಹೊಸ ಭಾಗಗಳನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಅವರ ಅಂಗಡಿಯೆಂದರೆ ಗುಜರಿ. 1929ರ ಕಾರಿನ ಮೈಗೆ 1932ರ ಚೌಕಟ್ಟು, ಅದಕ್ಕೆ 1934ರ ಅಚ್ಚು, ಅದರ ತುದಿಗೆ 1940ರ ಬ್ರೇಕು – ಹೀಗೆ ಸಿಕ್ಕ ಸಿಕ್ಕ ಭಾಗಗಳು ಒಂದಾದವು. ಜೋಡಿಸಿದವನಿಗೆ ಯಾವುದು ಎಲ್ಲಿಯದೆಂಬುದು ನೆನಪಿತ್ತು, ಬರೆದಿಟ್ಟವರು ಕಡಮೆ. ಎಪ್ಪತ್ತು ಎಂಬತ್ತು ವರುಷಗಳಲ್ಲಿ ಕಾರು ಹತ್ತಾರು ಕೈ ಬದಲಾಯಿಸಿದೆ. ಇಂದು ಅದನ್ನು ಕೊಂಡವನಿಗೆ ದೊರೆಯುವುದು ದಪ್ಪನೆಯ ಬಣ್ಣ, ಒಣಗಿದ ಗ್ರೀಸು, ಮಾರಿದವನ ಒಂದೆರಡು ಮಾತು.

ಅಚ್ಚು ಎಂಬ ಮಾತನ್ನು ಕನ್ನಡದ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಎತ್ತಿನ ಗಾಡಿಯ ಎರಡು ಗಾಲಿಗಳ ನಡುವಣ ಅಚ್ಚನ್ನು ನೋಡಿರದಿದ್ದರೂ ಕೇಳಿಯಾದರೂ ಇರುತ್ತಾರೆ. ಸಂಸ್ಕೃತದ ‘ಅಕ್ಷ’ ಮತ್ತು ಇಂಗ್ಲಿಷಿನ ‘ಆಕ್ಸಲ್’ ಒಂದೇ ಮೂಲದಿಂದ ಕವಲೊಡೆದ ಪದಗಳೆಂಬುದು ಭಾಷಾಶಾಸ್ತ್ರಜ್ಞರು ಒಪ್ಪಿದ ವಿಚಾರ. ಕನ್ನಡದಲ್ಲಿ ‘ಅಚ್ಚು’ ಎಂಬುದಕ್ಕೆ ಇನ್ನೊಂದು ಅರ್ಥವೂ ಇದೆ: ಒತ್ತಿದ ಗುರುತು, ಮುದ್ರೆ. ಹಳೆಯ ಕಾರಿನ ಅಚ್ಚನ್ನು ಗುರುತಿಸುವ ವಿದ್ಯೆಗೆ ಈ ಎರಡು ಅರ್ಥಗಳೂ ಬೇಕಾಗುತ್ತವೆ.

ಗಾಡಿಯ ಅಚ್ಚಿಗೂ ಕಾರಿನ ಮುಂದಿನ ಅಚ್ಚಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾರಿನ ಮುಂದಿನ ಚಕ್ರಗಳು ಉರುಳುವುದಲ್ಲದೆ ಎಡಕ್ಕೂ ಬಲಕ್ಕೂ ತಿರುಗಬೇಕು. ಆದುದರಿಂದ ಅಚ್ಚಿನ ಎರಡೂ ತುದಿಗಳಲ್ಲಿ ಮೇಲಿನಿಂದ ಕೆಳಕ್ಕೆ ಕೊರೆದ ಒಂದೊಂದು ದಪ್ಪ ಗುಬುಟು ಇರುತ್ತದೆ. ಅದರಲ್ಲಿ ‘ಕಿಂಗ್‌ಪಿನ್’ ಎಂಬ ಉಕ್ಕಿನ ಗೂಟ ನಿಲ್ಲುತ್ತದೆ. ಚಕ್ರವನ್ನು ಹೊತ್ತ ‘ಸ್ಪಿಂಡಲ್’ ಎಂಬ ಭಾಗವು ಬಾಗಿಲು ಬಿಜಾಗರಿಯ ಮೇಲೆ ತಿರುಗುವಂತೆ ಆ ಗೂಟದ ಸುತ್ತ ತಿರುಗುತ್ತದೆ. ಗೂಟಕ್ಕೂ ಸ್ಪಿಂಡಲಿಗೂ ನಡುವೆ ಸವೆಯುವುದಕ್ಕಾಗಿಯೇ ಇಟ್ಟ ಕಂಚಿನ ಬುಷ್ ಇರುತ್ತದೆ. ಚೌಕಟ್ಟಿಗೂ ಅಚ್ಚಿಗೂ ನಡುವೆ ಅಡ್ಡಲಾಗಿ, ಬಿಲ್ಲಿನಂತೆ ಬಾಗಿದ ಒಂದೇ ಕಮಾನುಪಟ್ಟಿಯ ಕಟ್ಟು. ಅಚ್ಚು ಹಿಂದಕ್ಕೂ ಮುಂದಕ್ಕೂ ಜಾರದಂತೆ ಹಿಡಿದಿಡಲು ಕವಣೆಯ ಕವಲಿನ ಆಕಾರದ ಒಂದು ಆಧಾರದಂಡ. ಅದರ ಎರಡು ತೋಳುಗಳು ಅಚ್ಚಿಗೆ ಬಿಗಿದಿದ್ದರೆ ಹಿಂದಿನ ಒಂದೇ ತುದಿ ಕಾರಿನ ನಡುವೆ ಗುಂಡಿನಾಕಾರದ ಕೀಲಿನಲ್ಲಿ ಕೂತಿರುತ್ತದೆ. ಅಮೆರಿಕದವರು ಇದನ್ನು ‘ವಿಷ್‌ಬೋನ್’ ಎನ್ನುತ್ತಾರೆ.

ಫೋರ್ಡ್ ಕಂಪೆನಿ 1908ರಿಂದ 1948ರವರೆಗೆ, ನಲವತ್ತು ವರುಷಗಳ ಕಾಲ, ತನ್ನ ಕಾರುಗಳಲ್ಲಿ ಈ ಏರ್ಪಾಟನ್ನು ಕೈಬಿಡಲಿಲ್ಲ. 1949ರ ಮಾದರಿಯಲ್ಲಿ ಮಾತ್ರ ಎರಡು ಮುಂಚಕ್ರಗಳೂ ಬೇರೆ ಬೇರೆಯಾಗಿ ಏರಿಳಿಯುವ ಹೊಸ ಕ್ರಮ ಬಂದಿತು. ಒಂದೇ ವಂಶದ ಭಾಗಗಳಾದುದರಿಂದಲೇ ಒಂದು ವರುಷದ ಭಾಗವನ್ನು ಇನ್ನೊಂದು ವರುಷದ ಕಾರಿಗೆ ಸೇರಿಸುವುದು ಸುಲಭವಾಯಿತು. ಗುರುತಿಸುವುದು ಕಷ್ಟವಾದುದೂ ಇದರಿಂದಲೇ. ಅಣ್ಣತಮ್ಮಂದಿರ ಮುಖಗಳಂತೆ ದೂರಕ್ಕೆ ಎಲ್ಲವೂ ಒಂದೇ. ಹತ್ತಿರ ಹೋದರೆ ಒಂದೊಂದೂ ಬೇರೆ.

ಗುರುತಿಸುವ ಮೊದಲ ಮೆಟ್ಟಿಲು ಶುಚಿಗೊಳಿಸುವುದು. ಗ್ರೀಸು, ಮಣ್ಣು, ಬಣ್ಣಗಳನ್ನು ತಂತಿಯ ಬ್ರಶ್ಶಿನಿಂದ ಮೆಲ್ಲನೆ ಉಜ್ಜಿ ತೆಗೆಯಬೇಕು. ಸಾಣೆಯ ಯಂತ್ರ ಹಿಡಿದರೆ ಕೊಳೆಯ ಜತೆಗೆ ಸಾಕ್ಷ್ಯವೂ ಅಳಿದುಹೋಗುವ ಭಯವುಂಟು. ಉಬ್ಬಿದ ಅಕ್ಷರಗಳೋ ಅಂಕೆಗಳೋ ಕಂಡರೆ ಎರಡನೆಯ ಮೆಟ್ಟಿಲು ಸಿಕ್ಕಿದಂತೆಯೇ.

ಫೋರ್ಡ್ ಭಾಗಗಳ ಸಂಖ್ಯಾಕ್ರಮವು ಗ್ರಂಥಾಲಯದ ಪುಸ್ತಕಗಳ ವರ್ಗಸಂಖ್ಯೆಯನ್ನು ನೆನಪಿಗೆ ತರುತ್ತದೆ. ಸಾವಿರದ ಸಾಲು ಚಕ್ರಗಳಿಗೆ, ಎರಡು ಸಾವಿರದ್ದು ಬ್ರೇಕಿಗೆ, ಮೂರು ಸಾವಿರದ್ದು ಮುಂದಿನ ಅಚ್ಚು ಮತ್ತು ಚಾಲನಚಕ್ರಕ್ಕೆ, ನಾಲ್ಕು ಸಾವಿರದ್ದು ಹಿಂದಿನ ಅಚ್ಚಿಗೆ, ಆರು ಸಾವಿರದ್ದು ಎಂಜಿನ್ನಿಗೆ ಮೀಸಲು. 3010 ಎಂದರೆ ಮುಂದಿನ ಅಚ್ಚು. 3105 ಮತ್ತು 3106 ಎಂದರೆ ಬಲ ಎಡ ಸ್ಪಿಂಡಲುಗಳು. ಈ ಸಂಖ್ಯೆಯ ಹಿಂದೆ ಬರುವ ಗುರುತು ಭಾಗವು ಯಾವ ಮಾದರಿಗಾಗಿ ಹುಟ್ಟಿತೆಂಬುದನ್ನು ಹೇಳುತ್ತದೆ: ‘ಎ’ ಎಂದರೆ 1928ರಿಂದ 1931ರವರೆಗಿನ ಮಾಡೆಲ್ ಎ, ‘ಬಿ’ ಅಥವಾ 18 ಎಂದರೆ 1932, 40 ಎಂದರೆ 1933 ಮತ್ತು 1934, 48 ಎಂದರೆ 1935, 68 ಎಂದರೆ 1936, 78 ಎಂದರೆ 1937.

ಇಲ್ಲಿ ಆತುರಗಾರನು ಎಡವುತ್ತಾನೆ. 48 ಎಂಬ ಗುರುತು ಕಂಡ ಮಾತ್ರಕ್ಕೆ ಅದನ್ನು 1948ರ ಭಾಗವೆಂದು ಬಗೆದವರಿದ್ದಾರೆ. ಅದು ಹದಿಮೂರು ವರುಷ ಹಿಂದಿನದು. ಇನ್ನೊಂದು ಎಡವು ಇದಕ್ಕಿಂತ ಸೂಕ್ಷ್ಮವಾದುದು. ಒಂದು ಮಾದರಿಗಾಗಿ ರೂಪಿಸಿದ ಭಾಗವು ಚೆನ್ನಾಗಿದ್ದರೆ ಕಂಪೆನಿ ಅದನ್ನು ಮುಂದಿನ ವರುಷಗಳಲ್ಲೂ ಅದೇ ಗುರುತಿನಿಂದ ಬಳಸುತ್ತಿತ್ತು. ಆದುದರಿಂದ ಅಂಕೆಯು ಭಾಗದ ವಿನ್ಯಾಸ ಹುಟ್ಟಿದ ವರುಷವನ್ನು ತಿಳಿಸುತ್ತದೆಯೇ ಹೊರತು, ಎದುರಿಗಿರುವ ತುಂಡು ತಯಾರಾದ ವರುಷವನ್ನು ತಿಳಿಸುವುದಿಲ್ಲ. ಕಾರಿನ ವರುಷವನ್ನಂತೂ ಅದು ಹೇಳುವುದೇ ಇಲ್ಲ.

ಅಂಕೆ ಅಳಿಸಿಹೋಗಿದ್ದರೆ ಆಕಾರವನ್ನು ಕೇಳಬೇಕು. 1934ರವರೆಗಿನ ಕಾರುಗಳಲ್ಲಿ ಕಮಾನುಪಟ್ಟಿ ಅಚ್ಚಿನ ನೇರ ಮೇಲಿರುತ್ತಿತ್ತು. 1935ರಲ್ಲಿ ಅದನ್ನು ಅಚ್ಚಿನ ಮುಂದಕ್ಕೆ ಸರಿಸಿದರು. 1936ರವರೆಗಿನ ಸ್ಪಿಂಡಲಿನ ಬೆನ್ನು ಚೌಕಾಕಾರಕ್ಕೆ ಹತ್ತಿರ. 1937ರಿಂದ 1941ರವರೆಗಿನದು ದುಂಡು. ಮಾಡೆಲ್ ಎ ಕಾರಿನ ಕಿಂಗ್‌ಪಿನ್ ಟೊಳ್ಳು. ಬ್ರೇಕನ್ನು ತಳ್ಳುವ ಕಡ್ಡಿ ಅದರೊಳಗಿಂದ ಇಳಿಯುತ್ತಿತ್ತು. 1938ರವರೆಗೆ ಫೋರ್ಡ್ ಕಾರುಗಳ ಬ್ರೇಕು ಕಡ್ಡಿ ಕೇಬಲುಗಳ ಎಳೆತದಿಂದ ನಡೆಯುತ್ತಿದ್ದುದು, 1939ರಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವಂತಾಯಿತು. ಚಕ್ರವನ್ನು ಬಿಗಿಯುವ ಐದು ಬೋಲ್ಟುಗಳ ವೃತ್ತದ ವ್ಯಾಸ ಐದೂವರೆ ಅಂಗುಲವಾಗಿದ್ದುದು 1936ರಿಂದ 1939ರವರೆಗೆ ಮಾತ್ರ ಹತ್ತೂಕಾಲು ಅಂಗುಲದಷ್ಟು ಅಗಲವಾಗಿತ್ತು. 1937ರಲ್ಲಿ ಬಂದ 60 ಅಶ್ವಶಕ್ತಿಯ ಸಣ್ಣ ಎಂಜಿನ್ನಿನ ಕಾರಿಗೆ ಕೊಳವೆಯಾಕಾರದ ಅಚ್ಚಿತ್ತು. ಉಳಿದವುಗಳ ಅಚ್ಚನ್ನು ಅಡ್ಡ ಕೊಯ್ದರೆ ಇಂಗ್ಲಿಷಿನ ‘ಐ’ ಅಕ್ಷರದ ರೂಪ ಕಾಣುತ್ತದೆ. ಒಂದೊಂದೂ ಸಣ್ಣ ಸಾಕ್ಷಿ. ನಾಲ್ಕು ಸಾಕ್ಷಿಗಳು ಒಂದೇ ಮಾತನ್ನು ಹೇಳಿದರೆ ನಂಬಬಹುದು; ಒಂದು ಅಪಸ್ವರ ಕೇಳಿಸಿದರೆ ಭಾಗ ಬೆರಕೆಯೆಂದು ತಿಳಿಯಬೇಕು.

ಕಣ್ಣಿಗೆ ಗೋಚರಿಸದ ವ್ಯತ್ಯಾಸಕ್ಕೆ ಅಳತೆಯೇ ಗತಿ. ಪ್ರೌಢಶಾಲೆ ದಾಟಿದ ವಿದ್ಯಾರ್ಥಿಗಳು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಹಿಡಿಯುವ ವರ್ನಿಯರ್ ಕ್ಯಾಲಿಪರ್ ಇಲ್ಲಿ ತೀರ್ಪುಗಾರನಾಗುತ್ತದೆ. ಕಿಂಗ್‌ಪಿನ್ ನಿಲ್ಲುವ ಗುಬುಟಿನ ಎತ್ತರ 1937ರಿಂದ 1941ರವರೆಗಿನ ಅಚ್ಚಿನಲ್ಲಿ ಎರಡೂಕಾಲು ಅಂಗುಲ. 1942ರಿಂದ 1948ರವರೆಗಿನದರಲ್ಲಿ ಅದಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗ ಹೆಚ್ಚು. ಈ ವ್ಯತ್ಯಾಸ ಸುಮಾರು ಮೂರು ಮಿಲಿಮೀಟರು. ಹಳೆಯ ಅಚ್ಚಿಗೆ ಹೊಸ ಸ್ಪಿಂಡಲನ್ನು ಏರಿಸಿದರೆ ಅಷ್ಟು ಸಂದು ಉಳಿಯುತ್ತದೆ. ಸಂದು ಇದ್ದಲ್ಲಿ ಅಲುಗಾಟ, ಅಲುಗಾಟವಿದ್ದಲ್ಲಿ ಬಡಿತ, ಬಡಿತವಿದ್ದಲ್ಲಿ ಸವೆತ. ಬಣ್ಣ ಬಳಿದು ನಿಲ್ಲಿಸಿದ ಕಾರಿನಲ್ಲಿ ಈ ಮೂರು ಮಿಲಿಮೀಟರು ಯಾರ ಕಣ್ಣಿಗೂ ಬೀಳದು. ವೇಗವಾಗಿ ಓಡುವ ಕಾರಿನ ಚಾಲಕನ ಕೈಗೆ ಮಾತ್ರ ತಿಳಿಯುತ್ತದೆ.

ಕಾರ್ಖಾನೆಯ ಗುರುತುಗಳನ್ನು ಓದಿ ಮುಗಿಸಿದ ಬಳಿಕ ಮನುಷ್ಯರ ಕೈಯ ಗುರುತುಗಳನ್ನು ಹುಡುಕಬೇಕು. ಕಾರಿನ ಮೂತಿ ನೆಲಕ್ಕೆ ಹತ್ತಿರವಾಗಲೆಂದು ಹಾಟ್ ರಾಡ್ ಕಟ್ಟುವವರು ಅಚ್ಚಿನ ತುದಿಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಮೇಲಕ್ಕೆ ಬಗ್ಗಿಸುತ್ತಿದ್ದರು. ತುದಿ ಮೇಲೇರಿದಷ್ಟೂ ನಡುಭಾಗ ಕೆಳಗಿಳಿಯುತ್ತದೆ. ಹೀಗೆ ಎಳೆದ ಅಚ್ಚಿನಲ್ಲಿ ಬಾಗಿದ ಎಡೆಯ ಲೋಹ ತುಸು ತೆಳುವಾಗಿರುತ್ತದೆ; ಎಡಬಲಗಳ ಬಾಗು ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತದೆ. ಹೊಸದಾಗಿ ಅಚ್ಚಿನಲ್ಲೇ ಒತ್ತಿ ತಯಾರಿಸಿದುದರಲ್ಲಿ ಎರಡೂ ಕಡೆ ಒಂದೇ ಸಮ. ಕುಶಲ ಕಮ್ಮಾರನು ಎಳೆದ ಅಚ್ಚು ದಶಕಗಳ ಕಾಲ ಬಾಳಿದೆ. ಅವಸರದಲ್ಲಿ ಕಾಯಿಸಿ ನೀರು ಸುರಿದು ತಣಿಸಿದುದು ಗಾಜಿನಂತೆ ಪೆಡಸಾಗಬಹುದು.

ವಿಷ್‌ಬೋನನ್ನು ನಡುವೆ ಕೊಯ್ದು ಎರಡಾಗಿಸಿ, ಒಂದೊಂದು ತೋಳನ್ನು ಚೌಕಟ್ಟಿನ ಒಂದೊಂದು ಪಾರ್ಶ್ವಕ್ಕೆ ಬಿಗಿಯುವ ಪದ್ಧತಿಯೂ ಇತ್ತು. ದೊಡ್ಡ ಎಂಜಿನ್ನು ಗೇರುಪೆಟ್ಟಿಗೆಗಳಿಗೆ ಜಾಗ ಮಾಡಿಕೊಳ್ಳಲು ಹೀಗೆ ಮಾಡಿದರು. ಆಗ ಒಂದು ಚಕ್ರ ಮಾತ್ರ ದಿಣ್ಣೆಯನ್ನೇರಿದರೆ ಎರಡು ತೋಳುಗಳೂ ಅಚ್ಚನ್ನು ಒದ್ದೆ ಬಟ್ಟೆ ಹಿಂಡುವಂತೆ ತಿರುಚುತ್ತವೆ. ‘ಐ’ ರೂಪದ ಅಚ್ಚು ಈ ತಿರುಚಿಗೆ ತುಸು ಮಣಿಯುತ್ತದೆ, ಕೊಳವೆ ಮಣಿಯುವುದಿಲ್ಲ. ಕೊಳವೆಯಚ್ಚಿಗೆ ಸೀಳಿದ ವಿಷ್‌ಬೋನು ಜೋಡಿಸಿದ್ದರೆ ಆ ಒತ್ತಡವೆಲ್ಲ ಬೆಸುಗೆಗಳ ಮೇಲೂ ಬೋಲ್ಟುಗಳ ಮೇಲೂ ಬೀಳುತ್ತದೆ. ಭಾಗಗಳೆರಡೂ ತಮ್ಮಷ್ಟಕ್ಕೆ ಒಳ್ಳೆಯವೇ ಆಗಿರಬಹುದು. ಅವುಗಳ ಕೂಟ ಒಳ್ಳೆಯದಲ್ಲ. ಅಚ್ಚು ಯಾವ ಜಾತಿಯದೆಂದು ಗುರುತಿಸುವುದು ಸಂಗ್ರಹಕಾರನ ಹೆಮ್ಮೆಯ ವಿಷಯ ಮಾತ್ರವೆಂದು ಬಗೆಯುವವರು ಈ ಒಂದು ಉದಾಹರಣೆಯನ್ನು ನೆನೆಯಬೇಕು.

ಲೋಹವು ಬಡಿದು ಮಾಡಿದ್ದೇ, ಎರಕ ಹೊಯ್ದದ್ದೇ ಎಂಬುದನ್ನೂ ನೋಡಬೇಕು. ಎರಡು ಅರ್ಧಗಳ ನಡುವೆ ಒತ್ತಿ ಬಡಿದ ಉಕ್ಕಿನ ಬದಿಯಲ್ಲಿ, ಹೊರಚಾಚಿದ ಅಂಚನ್ನು ಕತ್ತರಿಸಿ ತೆಗೆದ ಅಗಲವಾದ ಪಟ್ಟೆಯೊಂದು ಉದ್ದಕ್ಕೂ ಇರುತ್ತದೆ. ಎರಕದಲ್ಲಿ ಆ ಗೆರೆ ತೆಳು, ಮೈ ತರಿತರಿ. ಸುತ್ತಿಗೆಯಿಂದ ತಟ್ಟಿದರೆ ಬಡಿದ ಉಕ್ಕು ಗಂಟೆಯಂತೆ ನಾದಗೈಯುತ್ತದೆ. ಎರಕದ ಕಬ್ಬಿಣದ ಸದ್ದು ಮಡಕೆಯದರಂತೆ ಮಂಕು. ಫೋರ್ಡ್ ಅಚ್ಚುಗಳು ಬಡಿದು ಮಾಡಿದ ಉಕ್ಕಿನವು. ಮಂಕು ಸದ್ದು ಕೇಳಿಸಿದರೆ ಅದು ಬೇರೆ ಯಾರದೋ ನಕಲಾಗಿರಬಹುದು, ಇಲ್ಲವೆ ಒಳಗೆ ಬಿರುಕಿರಬಹುದು.

ಬಿರುಕಿನ ವಿಷಯದಲ್ಲಿ ಕಿವಿಯನ್ನೂ ಕಣ್ಣನ್ನೂ ನೆಚ್ಚುವಂತಿಲ್ಲ. ಅದಕ್ಕೆ ಬಲ್ಲವರು ಮಾಡುವ ಪರೀಕ್ಷೆಯೊಂದುಂಟು. ಉಕ್ಕನ್ನು ಅಯಸ್ಕಾಂತಗೊಳಿಸಿ, ಅದರ ಮೇಲೆ ಕಬ್ಬಿಣದ ನುಣುಪಾದ ಪುಡಿಯನ್ನು ಉದುರಿಸಿದರೆ, ಬಿರುಕಿದ್ದೆಡೆ ಕಾಂತಬಲದ ರೇಖೆಗಳು ಹೊರಕ್ಕೆ ಸೋರುವುದರಿಂದ ಪುಡಿ ಅಲ್ಲಿ ಸಾಲಾಗಿ ನಿಲ್ಲುತ್ತದೆ. ಕಾಣದಿದ್ದ ಸೀಳು ಕಪ್ಪು ಗೆರೆಯಾಗಿ ಮೂಡುತ್ತದೆ. ಶಾಲೆಯಲ್ಲಿ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ ಅಯಸ್ಕಾಂತದ ರೇಖೆಗಳನ್ನು ನೋಡುವ ಪ್ರಯೋಗವೇ ಇಲ್ಲಿ ಪ್ರಾಣರಕ್ಷಕವಾಗುತ್ತದೆ. ಥಳಥಳಿಸುವ ಕ್ರೋಮಿಯಂ ಲೇಪವಿದ್ದಲ್ಲಿ ಎಚ್ಚರಿಕೆ ಇಮ್ಮಡಿಯಾಗಬೇಕು. ಲೇಪ ಕೊಡುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಗಡುಸಾದ ಉಕ್ಕನ್ನು ಪೆಡಸಾಗಿಸುವುದುಂಟು. ಲೇಪದ ಬೆನ್ನಿಗೇ ಹದವಾದ ಶಾಖದಲ್ಲಿಟ್ಟು ಅದನ್ನು ಹೊರಗೆಡಹದಿದ್ದರೆ ಹೊಳಪಿನಡಿಯಲ್ಲಿ ಅಪಾಯ ಉಳಿದುಬಿಡುತ್ತದೆ.

ಕಿಂಗ್‌ಪಿನ್ ಸವೆದಿದೆಯೇ ಎಂದು ತಿಳಿಯುವ ಉಪಾಯ ಸರಳ. ಚಕ್ರವನ್ನು ಜಾಕಿನಿಂದ ಮೇಲೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಬೇಕು. ಅಲುಗಾಟ ಕಂಡರೆ ಇನ್ನೊಬ್ಬರು ಬ್ರೇಕನ್ನು ಒತ್ತಿ ಹಿಡಿಯಬೇಕು. ಆಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ಒಂದು ಪ್ರಶ್ನೆಗೆ ಎರಡು ಉತ್ತರಗಳಿರುವಲ್ಲಿ ಒಂದನ್ನು ಕಟ್ಟಿಹಾಕಿ ಇನ್ನೊಂದನ್ನು ಪರೀಕ್ಷಿಸುವ ಈ ಕ್ರಮವನ್ನು ವಿಜ್ಞಾನದ ಪಾಠದಲ್ಲಿ ಎಷ್ಟು ಸಲ ಬರೆಸಿದರೂ ತಲೆಗೆ ಹತ್ತದ ಮಗುವಿಗೆ, ಜಾಕಿನ ಮೇಲಿನ ಒಂದು ಚಕ್ರ ಐದು ನಿಮಿಷದಲ್ಲಿ ಕಲಿಸಬಲ್ಲುದು.

ಇದನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಲ್ಲ. ಕಾರುಗಳು ತೊರೆದ ಆ ‘ಐ’ ರೂಪದ ಬಡಿದ ಅಚ್ಚೂ ಕಿಂಗ್‌ಪಿನ್ನೂ ಲಾರಿಗಳಲ್ಲಿ ಇಂದಿಗೂ ಬಾಳುತ್ತಿವೆ. ಕನ್ನಡಿಗರು ತಲೆಮಾರುಗಳಿಂದ ನೆಲೆಸಿರುವ ಹೊಸೂರಿನಲ್ಲಿ ಲಾರಿಗಳ ದೊಡ್ಡ ಕಾರ್ಖಾನೆಯೇ ಇದೆ. ಕಾಸರಗೋಡಿನ ಹೆದ್ದಾರಿಯ ಬದಿಯಲ್ಲಾಗಲಿ ಸೊಲ್ಲಾಪುರದ ಲಾರಿ ನಿಲ್ದಾಣದಲ್ಲಾಗಲಿ ನಿಂತ ಲಾರಿಯ ಮುಂಭಾಗವನ್ನು ಬಗ್ಗಿ ನೋಡಿದರೆ ಈ ಅಚ್ಚು ಕಾಣಿಸುತ್ತದೆ. ಗ್ಯಾರೇಜಿನ ಮೇಸ್ತ್ರಿಯನ್ನು ವಿನಯದಿಂದ ಕೇಳಿದರೆ, ಸವೆದ ಕಿಂಗ್‌ಪಿನ್ನಿಗೂ ಹೊಸದಕ್ಕೂ ಇರುವ ಅಂತರವನ್ನು ಅವರು ಬೆರಳಿನಿಂದಲೇ ಮುಟ್ಟಿಸಿ ತೋರಿಸಬಲ್ಲರು. ಮೇಸ್ತ್ರಿಗಳ ಈ ಅರಿವು ಪುಸ್ತಕಗಳಲ್ಲಿ ಬರೆದಿಟ್ಟುದಲ್ಲ. ಅದನ್ನು ಕೇಳಿ ಕನ್ನಡದಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿಗೆ ಭಾಷಾಪಾಠವೂ ವಿಜ್ಞಾನಪಾಠವೂ ಒಟ್ಟಿಗೆ ದೊರೆಯುತ್ತವೆ.

ಹಾಟ್ ರಾಡ್ ಬಲ್ಲವರಲ್ಲಿ ಎಚ್ಚರವುಳ್ಳವರು ಪಾಲಿಸುವ ಒಂದು ರೂಢಿಯನ್ನು ಕೊನೆಯದಾಗಿ ಹೇಳಬೇಕು. ಅವರು ಕಳಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟುತ್ತಾರೆ. ಅದರಲ್ಲಿ ಕಂಡ ಅಂಕೆ, ಅಳೆದ ಅಳತೆ, ಮಾಡಿದ ಪರೀಕ್ಷೆ ಇವನ್ನು ಬರೆಯುತ್ತಾರೆ. ನಿಶ್ಚಯವಾದುದನ್ನು ನಿಶ್ಚಯವೆಂದೂ, ಊಹೆಯನ್ನು ಊಹೆಯೆಂದೂ, ತಿಳಿಯದುದನ್ನು ತಿಳಿಯದೆಂದೂ ಬೇರೆ ಬೇರೆಯಾಗಿ ನಮೂದಿಸುತ್ತಾರೆ. ತಿಳಿಯದೆಂದು ಬರೆದ ಭಾಗ ಪರೀಕ್ಷೆಯಾಗುವವರೆಗೆ ಕಾರಿಗೆ ಏರುವುದಿಲ್ಲ. ಮೊದಲು ಕಟ್ಟಿದವನು ಅಂಥ ಚೀಟಿಯೊಂದನ್ನು ಬಿಟ್ಟುಹೋಗಿದ್ದರೆ ಈಗಿನವನ ಅರ್ಧ ಕೆಲಸ ಉಳಿಯುತ್ತಿತ್ತು. ಅಜ್ಜನ ಕಾಲದ ಗಡಿಯಾರವೋ ಹೊಲಿಗೆ ಯಂತ್ರವೋ ಹಳೆಯ ಸೈಕಲ್ಲೋ ಇರುವ ಮನೆಗಳಲ್ಲಿ, ಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೇಳಿ ಮಕ್ಕಳು ಅಂಥದೊಂದು ಚೀಟಿಯನ್ನು ಬರೆದು ಕಟ್ಟಿದರೆ ಮುಂದಿನವರಿಗೆ ಉಪಕಾರವಾದೀತು.